ಶಂಟಿಂಗ್ ಇಂಜಿನ್ನೂ ಬರಬಾರದ ಕರೆಂಟೂ

ನಾನು ಅಂಜುಬುರುಕ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಓದುತ್ತಾ ಹೋದಂತೆ ನೀವೇ ಕಂಡುಹಿಡಿದು, ಈ ಮನುಷ್ಯ ಬೇಕೆಂದೇ ಮುಚ್ಚಿಟ್ಟಿದ್ದ ಅಂದುಕೊಳ್ಳುತ್ತೀರಿ. ಹಾವಿಗೋ ಹುಲಿಗೋ ಹೆದರುವವರಿಗೆ ಲೋಕದಲ್ಲಿ ಒಂದು ಮರ್ಯಾದೆ ಇದೆ. ನನ್ನ ಹೆದರಿಕೆಗಳಿಗೆ ಅಂಥ ಘನತೆಯಿಲ್ಲ. ಕುಕ್ಕರಿನ ಸೀಟಿ ತಡವಾದರೆ ಹೆದರುತ್ತೇನೆ, ಬೇಗ ಬಂದರೂ ಹೆದರುತ್ತೇನೆ. ಬಸ್ಸಿನಲ್ಲಿ ಕಂಡಕ್ಟರು ಕೊಟ್ಟ ಟಿಕೀಟನ್ನು ಇಳಿಯುವವರೆಗೂ ಮುಷ್ಟಿಯಲ್ಲೇ ಹಿಡಿದಿರುತ್ತೇನೆ. ಬೆವರಿಗೆ ಅದರ ಅಕ್ಷರವೆಲ್ಲ ಅಳಿಸಿಹೋಗುತ್ತದೆ, ಆಮೇಲೆ ಅಳಿಸಿದ್ದಕ್ಕೆ ಹೆದರುತ್ತೇನೆ. ಆದವಾನಿಯ ಒಂದು ಕನ್ನಡ ಶಾಲೆಯಲ್ಲಿ ಮೇಷ್ಟರಾಗಿ ನಿವೃತ್ತನಾಗುವ ದಿನದವರೆಗೂ, ಶಾಲೆಯ ಗಂಟೆ ಬಾರಿಸಿದಾಗ ಹುಡುಗರಿಗಿಂತ ಮೊದಲು ಬೆಚ್ಚಿಬೀಳುತ್ತಿದ್ದವನು ನಾನೇ.

ಇಂಥವನು ನಿವೃತ್ತಿಯ ಮೇಲೆ ರೈಲು ಓಡಿಸತೊಡಗಿದೆ ಎಂದರೆ ನೀವು ನಗಬಹುದು. ನಿಜವಾದ ರೈಲಲ್ಲ, ಆಟದ್ದು. ಆದರೆ ಆಟದ್ದು ಎಂಬ ಮಾತನ್ನು ನನ್ನೆದುರು ಆಡಬೇಡಿ, ನನಗೆ ಸಿಟ್ಟು ಬರುತ್ತದೆ. ಮುಂದಿನ ಕೋಣೆಯಲ್ಲಿ ಗೋಡೆಯುದ್ದಕ್ಕೂ ಮೇಜು ಹಾಕಿ, ಅದರ ಮೇಲೆ ಬೆರಳಗಲದ ಹಳಿಗಳನ್ನು ಹಾಸಿ, ಒಂದು ಗೂಡ್ಸ್ ಯಾರ್ಡನ್ನೇ ಕಟ್ಟಿದ್ದೇನೆ. ರಟ್ಟಿನ ಜಿನ್ನಿಂಗ್ ಮಿಲ್ಲು ಇದೆ, ಅದರ ಮುಂದೆ ಬೆಂಕಿಪೊಟ್ಟಣದಷ್ಟು ಹತ್ತಿ ಬೇಲುಗಳಿವೆ. ಹತ್ತಿ ಮಾತ್ರ ಅಸಲಿ. ಅದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಹತ್ತಿ ಮಿಲ್ಲುಗಳ ಊರಿನ ನಮ್ಮ ಬೀದಿಯಲ್ಲಿ ಕಿಟಕಿ ತೆರೆದಿಟ್ಟರೆ ತಾನೇ ಒಳಗೆ ಬರುತ್ತದೆ.

ಈ ಹವ್ಯಾಸದವರಲ್ಲಿ ಹೆಚ್ಚಿನವರಿಗೆ ಎಕ್ಸ್‌ಪ್ರೆಸ್ ಗಾಡಿಗಳ ಹುಚ್ಚು. ಬರ್ರೆಂದು ಸುತ್ತು ಹೊಡೆಸಿ ಖುಷಿಪಡುತ್ತಾರೆ. ನನಗೆ ಅದನ್ನು ನೋಡಿದರೇ ತಲೆ ಸುತ್ತುತ್ತದೆ. ನಾನು ಮೆಚ್ಚಿದ್ದು ಶಂಟಿಂಗ್ ಇಂಜಿನ್ನನ್ನು. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಗಿಡ್ಡ, ಮೋರೆ ಚಪ್ಪಟೆ. ಈ ವ್ಯಾಗನ್ನನ್ನು ಆ ಹಳಿಗೆ ನೂಕು, ಆ ವ್ಯಾಗನ್ನನ್ನು ಈ ಹಳಿಗೆ ಎಳೆದು ತಾ, ಕೊಕ್ಕೆ ಬಿಡಿಸು, ಹಿಂದೆ ಸರಿ, ಇಷ್ಟೇ ಅದರ ಕಸುಬು. ಊರು ಬಿಟ್ಟು ಹೋಗುವುದಿಲ್ಲ, ಹೊಳೆ ದಾಟುವುದಿಲ್ಲ, ಸುರಂಗ ಹೊಗುವುದಿಲ್ಲ. ದಿನವಿಡೀ ಹಿಂದೆ ಮುಂದೆ ಓಡಾಡಿ ಸಂಜೆಗೆ ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಅಂಜುಬುರುಕನಿಗೆ ಇದಕ್ಕಿಂತ ಒಪ್ಪುವ ವಾಹನವನ್ನು ಯಾರೂ ಮಾಡಿಲ್ಲ.

ಹಾಗೆಂದು ಶಂಟಿಂಗ್ ಸುಲಭ ಎಂದುಕೊಳ್ಳಬೇಡಿ. ವೇಗವಾಗಿ ಓಡಿಸಲು ಯಾರಿಗಾದರೂ ಬರುತ್ತದೆ; ಇಂಜಿನ್ನು ಇರುವೆಯ ಹಾಗೆ ತೆವಳಬೇಕು, ವ್ಯಾಗನ್ನಿಗೆ ತಾಗಿದ್ದು ವ್ಯಾಗನ್ನಿಗೇ ಗೊತ್ತಾಗಬಾರದು. ಅಷ್ಟು ಮೆಲ್ಲಗೆ ನಡೆಯುವ ಇಂಜಿನ್ನು ಎಲ್ಲರಿಗೂ ಸಿಗುವುದಿಲ್ಲ. ನನಗೆ ಸಿಕ್ಕಿದ್ದು ಮದರಾಸಿನ ಪರಿಚಿತರೊಬ್ಬರು ಕಣ್ಣು ಮಂಜಾದ ಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಕಳಿಸಿಕೊಟ್ಟದ್ದು. ಅಂಥದ್ದನ್ನು ಈಗ ಯಾರೂ ತಯಾರಿಸುವುದಿಲ್ಲವಂತೆ. ಕೆಟ್ಟರೆ ರಿಪೇರಿಗೂ ಗತಿಯಿಲ್ಲ. ಒಮ್ಮೆ ನಮ್ಮೂರ ಮಿಕ್ಸಿ ರಿಪೇರಿಯವನಿಗೆ ತೋರಿಸಿದ್ದೆ. ಅವನು ತಿರುಗಿಸಿ ಮುರುಗಿಸಿ ನೋಡಿ, "ಸಾರ್, ಇದಕ್ಕ ಬಾಯಿ ಎಲ್ಲೈತಿ, ಮೂಗು ಎಲ್ಲೈತಿ ಒಂದೂ ತಿಳಿವಲ್ದು. ಹುಷಾರಾಗಿ ಇಟ್ಕೋರಿ," ಎಂದು ಎರಡೂ ಕೈಯಿಂದ ವಾಪಸು ಕೊಟ್ಟಿದ್ದ. ಅಂದಿನಿಂದ ನಾನು ಅದರ ವಿಷಯದಲ್ಲಿ ಇನ್ನಷ್ಟು ಹೆದರತೊಡಗಿದೆ.

ಇನ್ನು ನನ್ನ ಹೆಂಡತಿ ಸುಶೀಲಾ. ಆಕೆ ಕೆಟ್ಟವಳಲ್ಲ. ಮುಂದಿನ ಕೋಣೆ ಹೋದದ್ದನ್ನು ಸಹಿಸಿಕೊಂಡಳು, ಬಂದವರನ್ನು ಅಡುಗೆಮನೆಯಲ್ಲೇ ಕೂರಿಸುವುದನ್ನೂ ಸಹಿಸಿಕೊಂಡಳು. ಆದರೆ ಈ ಇಂಜಿನ್ನಿನ ಪಾರ್ಸಲ್ಲು ಬಂದ ದಿನ ಆಕೆಯ ಅಕ್ಕನ ಮಗನ ಮದುವೆ ಇತ್ತು. ಅಕ್ಕಿಕಾಳು ಹಾಕುವ ಹೊತ್ತಿಗೆ ಸರಿಯಾಗಿ ನನಗೆ ಪಾರ್ಸಲ್ಲಿನವನ ಫೋನು ಬಂತು, ನಾನು ಅಕ್ಕಿಕಾಳನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿಬಿಟ್ಟೆ. ಅಂದು ರಾತ್ರಿ ಆಕೆ ಕೂಗಾಡಲಿಲ್ಲ. ಮೆಲ್ಲಗೆ ಹೇಳಿದಳು: "ಇನ್ನೊಮ್ಮೆ ನಮ್ಮ ತವರಿನ ಮಂದಿ ಮುಂದ ನಿಮ್ಮ ರೈಲಿನ ಸಲುವಾಗಿ ನನ್ನ ಮಾನ ಕಳದ್ರ, ಮರುದಿನ ಇದೆಲ್ಲಾ ಗುಜರಿಗೆ ಹೊಕ್ಕತಿ. ನೋಡ್ಕೋರಿ ಮತ್ತ." ಕೂಗಾಡುವವರಿಗೆ ನಾನು ಹೆದರುತ್ತೇನೆ. ಮೆಲ್ಲಗೆ ಮಾತಾಡುವವರಿಗೆ ಇನ್ನೂ ಹೆಚ್ಚು ಹೆದರುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ಬೇಸಿಗೆಯಲ್ಲಿ ಮಾಧವರಂನಲ್ಲಿ ಸುಶೀಲಾಳ ತಮ್ಮ ನಾಗಪ್ಪನ ಮೊಮ್ಮಗುವಿಗೆ ತೊಟ್ಟಿಲ ಕಾರ್ಯ ಇಟ್ಟುಕೊಂಡಿದ್ದರು. ಅದೇ ವಾರ ನಾನು ಯಾರ್ಡಿನ ಒಂದು ಹಳಿಯನ್ನು ಕಿಟಕಿಯವರೆಗೆ ಬೆಳೆಸಲು ಹೊರಟಿದ್ದೆ. ಅದಕ್ಕಾಗಿ ಹಳಿಯ ಕೊನೆಗೆ ಅಡ್ಡ ಇಟ್ಟಿದ್ದ ಮರದ ತುಂಡನ್ನು ಕಿತ್ತು ತೆಗೆದಿದ್ದೆ. ಮುಂದಿನ ಹಲಗೆ ಇನ್ನೂ ಬಡಗಿಯ ಹತ್ತಿರವೇ ಇತ್ತು. ಹೀಗಾಗಿ ಹಳಿ ಮೇಜಿನ ಅಂಚಿಗೆ ಬಂದು ಸುಮ್ಮನೆ ಮುಗಿದುಹೋಗಿತ್ತು. ಕೆಳಗೆ ನೆಲಕ್ಕೆ ಹಾಸಿದ್ದು ಬೇತಂಚೆರ್ಲ ಬಂಡೆ. ಅದರ ಮೇಲೆ ಬಿದ್ದ ಸ್ಟೀಲಿನ ಲೋಟವೂ ಸೊಟ್ಟಗಾಗುತ್ತದೆ.

ಹೊರಡುವ ದಿನ ಬೆಳಿಗ್ಗೆ ಸುಶೀಲಾ ಸೀರೆ ಉಡುವಷ್ಟರಲ್ಲಿ ಮೂರು ವ್ಯಾಗನ್ ಜೋಡಿಸಿಬಿಡೋಣವೆಂದು ಕೂತೆ. ಇಂಜಿನ್ನು ವ್ಯಾಗನ್ನುಗಳನ್ನು ಮುಂದೆ ನೂಕುತ್ತಾ ಆ ಅಂಚಿನ ಕಡೆಗೆ ತೆವಳುತ್ತಿತ್ತು. ಅಷ್ಟರಲ್ಲಿ ಬೀದಿಯ ಕೊನೆಯಲ್ಲಿ ಢಮ್ ಎಂದಿತು. ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ಫ್ಯಾನು ನಿಂತಿತು, ಇಂಜಿನ್ನೂ ಇದ್ದಲ್ಲೇ ನಿಂತಿತು. "ಆಟೋ ಬಂತ್ರೀ, ಏಳ್ರಿ!" ಎಂದು ಸುಶೀಲಾ ಕೂಗಿದಳು. ನಾನು ಎದ್ದು ಚಪ್ಪಲಿ ಹುಡುಕಿದೆ, ಒಂದು ಸಿಕ್ಕಿತು, ಇನ್ನೊಂದು ಮಂಚದ ಕೆಳಗಿತ್ತು. ಆಕೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ರಾಯಚೂರು ಬಸ್ಸು ಹಿಡಿದು ಹೊರಟೆವು. ನಮ್ಮ ಕಡೆ ಕರೆಂಟು ಹೋದರೆ ಎಲ್ಲರೂ ಇದ್ದದ್ದನ್ನು ಇದ್ದ ಹಾಗೆ ಬಿಟ್ಟು ಎದ್ದುಹೋಗುತ್ತಾರೆ. ಮಿಕ್ಸಿ ಅರ್ಧಕ್ಕೆ, ಇಸ್ತ್ರಿ ಅರ್ಧಕ್ಕೆ. ಆರಿಸುವುದೇನಿದೆ, ತಾನೇ ಆರಿದೆಯಲ್ಲ.

ಮಾಧವರಂನಲ್ಲಿ ಎಲ್ಲವೂ ಚೆನ್ನಾಗಿಯೇ ನಡೆಯಿತು. ಮಗುವನ್ನು ತೊಟ್ಟಿಲಿಗೆ ಹಾಕಿದರು, ಅದು ಅತ್ತಿತು, ಹೆಂಗಸರು ಹಾಡಿದರು, ಅದು ಇನ್ನೂ ಜೋರಾಗಿ ಅತ್ತಿತು. ಊಟಕ್ಕೆ ಮೊದಲು ನಾಗಪ್ಪ ನನ್ನನ್ನು ಹೊಲ ತೋರಿಸಲು ಕರೆದುಕೊಂಡು ಹೋದ. ಅವನ ಬೋರು ಅವನಿಗೆ ಬಹಳ ಹೆಮ್ಮೆ. ಬೇವಿನ ಮರದ ನೆರಳಲ್ಲಿ ನಿಂತು ಮಾತಾಡುತ್ತಿದ್ದೆವು. ಯಾರೂ ಮುಟ್ಟಲಿಲ್ಲ, ಯಾರೂ ಹತ್ತಿರವೂ ಹೋಗಲಿಲ್ಲ, ಪಂಪಿನ ಗೂಡಿನಲ್ಲಿ ಟಕ್ ಎಂದು ಸದ್ದಾಗಿ ಪೈಪಿನಿಂದ ಭರ್ರೆಂದು ನೀರು ಬಂತು. ನಾನು ಎಂದಿನಂತೆ ಬೆಚ್ಚಿದೆ.

"ಅಂಜಬ್ಯಾಡ ಬಾವಾ," ಎಂದು ನಾಗಪ್ಪ ನಕ್ಕ. "ಆಟೋ ಸ್ಟಾರ್ಟರ್ ಹಾಕ್ಸೀನಿ. ಸ್ವಿಚ್ ಹಂಗ ಬಿಟ್ರಾತು, ಕರೆಂಟ್ ಬಂದ ಕೂಡ್ಲೇ ಮೋಟ್ರು ತನ್ನಷ್ಟಕ್ಕ ತಾನ ಶುರು ಆಕೈತಿ. ನಾವು ಇರಬೇಕಂತಿಲ್ಲ."

ನಾವು ಇರಬೇಕೆಂದಿಲ್ಲ! ಆ ಮಾತು ಕಿವಿಗೆ ಬಿದ್ದದ್ದೇ ನನಗೆ ಮನೆ ನೆನಪಾಯಿತು. ಅಲ್ಲಿ ಇಂಜಿನ್ನಿಗೆ ಕರೆಂಟು ಕೊಡುವ ರೆಗ್ಯುಲೇಟರಿನ ಗುಂಡಿಯನ್ನು ನಾನು ಆರಿಸಿ ಬಂದಿರಲಿಲ್ಲ. ಆದವಾನಿಯಲ್ಲಿ ಕರೆಂಟು ಬಂದ ಕೂಡಲೇ ಅದೂ ತನ್ನಷ್ಟಕ್ಕೆ ತಾನೇ ಹೊರಡುತ್ತದೆ. ಮೊದಲು ಮೂರು ವ್ಯಾಗನ್ನು ಒಂದೊಂದಾಗಿ ಬಂಡೆಯ ಮೇಲೆ, ಅವುಗಳ ಹಿಂದೆ ಇಂಜಿನ್ನು. ಬೀಗ ಹಾಕಿದ ಮನೆ, ಹಿಡಿಯಲು ಯಾರೂ ಇಲ್ಲ. ಮೀಟರು, ಫ್ಯೂಜು ಎಲ್ಲವೂ ನಡುಮನೆಯೊಳಗೆ. ಕೀಲಿ ಸುಶೀಲಾಳ ಸೊಂಟದಲ್ಲಿ. ಕೀಲಿ ಕೇಳಬೇಕಾದರೆ ರೈಲಿನ ಮಾತು ಎತ್ತಬೇಕು. ತವರಿನ ಮಂದಿಯ ಮಧ್ಯೆ ರೈಲಿನ ಮಾತು ಎತ್ತಿದರೆ ಇಂಜಿನ್ನಷ್ಟೇ ಏನು, ಇಡೀ ಯಾರ್ಡೇ ಗುಜರಿಗೆ ಹೋಗುತ್ತದೆ. ಯಾವ ಕಡೆ ತಿರುಗಿದರೂ ಬಂಡೆಯೇ.

ಬೇವಿನ ಮರದ ಹಿಂದೆ ಹೋಗಿ ಖಾಜಾಭಾಯಿಗೆ ಫೋನು ಮಾಡಿದೆ. ನಮ್ಮ ಮನೆಯೆದುರು ತಂಪು ಪಾನೀಯದ ಅಂಗಡಿ ಇಟ್ಟಿರುವವನು ಅವನು.

"ಖಾಜಾಭಾಯಿ, ಕರೆಂಟು ಬಂತೇನು?"

"ಅಭೀ ತಕ್ ನೈ ಸಾರ್. ಬೆಳಗ್ಗಿಂದ ಫ್ರಿಜ್ ಬಂದ್ ಐತಿ, ಐಸ್‌ಕ್ರೀಮ್ ಎಲ್ಲಾ ಪಾಯಸ ಆಗೈತಿ. ಬೇರೆ ಟ್ರಾನ್ಸ್‌ಫಾರ್ಮರ್ ತಂದಾರ, ಲೈನ್‌ಮನ್ ಮ್ಯಾಲ ಹತ್ಯಾನ. ಮಂದಿ ಎಲ್ಲಾ ಕೆಳಗ ನಿಂತು ಜಲ್ದಿ ಜಲ್ದಿ ಅಂತ ಒದರಾಕ ಹತ್ಯಾರ."

"ಜಲ್ದಿ ಯಾಕೆ?" ಎಂದು ನಾನು ಚೀರಿದೆ. ಆಮೇಲೆ ದನಿ ಇಳಿಸಿ, "ಅವಸರ ಮಾಡಬ್ಯಾಡ ಅಂತ ಹೇಳ್ರಿ ಅವನಿಗೆ. ನಿಧಾನಕ್ಕೆ ಮಾಡಲಿ. ಕಂಬದ ಮ್ಯಾಲಿನ ಕೆಲಸ, ಜೀವ ದೊಡ್ಡದು," ಎಂದೆ.

ಖಾಜಾಭಾಯಿ ಗದ್ಗದಿತನಾಗಿ, "ಸಾರ್, ನೀವು ದೊಡ್ಡವ್ರು ಸಾರ್," ಎಂದು ಫೋನಿಟ್ಟ.

ಊಟಕ್ಕೆ ಕೂತೆ. ಹೋಳಿಗೆ ಬಡಿಸಿದರು, ತುಪ್ಪ ಸುರಿದರು. ನನಗೆ ಅದು ರಟ್ಟು ತಿಂದ ಹಾಗಾಯಿತು. ಇಡೀ ಆದವಾನಿಯ ಆ ಮೂಲೆ ಸೆಖೆಯಲ್ಲಿ ಬೇಯುತ್ತಾ ಕರೆಂಟು ಬರಲಿ ಎಂದು ಕಾಯುತ್ತಿದ್ದರೆ, ಅದೇ ಬೀದಿಯವನಾದ ನಾನೊಬ್ಬ ಬರಬಾರದೆಂದು ಬೇಡುತ್ತಿದ್ದೆ. ಪಕ್ಕದ ಮನೆಯ ಮುದುಕಿ ಬೀಸಣಿಕೆ ಹಿಡಿದು ಕೂತಿರುತ್ತಾಳೆ ಎಂಬುದೂ ನೆನಪಾಯಿತು. ನಾಚಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೂ ಎಲೆಯ ಮುಂದೆಯೇ ಮಂತ್ರಾಲಯದ ದಿಕ್ಕಿಗೆ ತಿರುಗಿ ಕಣ್ಣು ಮುಚ್ಚಿ, "ರಾಯರೇ, ಇನ್ನೆರಡು ತಾಸು ಆ ಕರೆಂಟನ್ನು ಎಲ್ಲಾದರೂ ತಡೆದು ನಿಲ್ಲಿಸಿ," ಎಂದೆ. ಭಕ್ತರು ರಾಯರ ಹತ್ತಿರ ಏನೇನೋ ಕೇಳಿರುತ್ತಾರೆ. ಇದನ್ನು ಬೇರೆ ಯಾರೂ ಕೇಳಿರಲಿಕ್ಕಿಲ್ಲ.

ಎದುರು ಸಾಲಿನಲ್ಲಿ ಬಡಿಸುತ್ತಿದ್ದ ಸುಶೀಲಾ ಇದನ್ನೆಲ್ಲ ನೋಡಿದಳು. ಹತ್ತಿರ ಬಂದು, "ಏನಾತು? ಮುಖ ಯಾಕ ಹಂಗಾಗೈತಿ?" ಎಂದಳು. ಆಗಲಾದರೂ ನಿಜ ಹೇಳಬಹುದಿತ್ತು. ಬಾಯಿ ತೆರೆದೆ. ಆಕೆಯ ಅಕ್ಕ ಪಕ್ಕದಲ್ಲೇ ಚಟ್ನಿ ಹಿಡಿದು ನಿಂತಿದ್ದಳು, ಆ ಮದುವೆಯ ಅಕ್ಕಿಕಾಳಿನ ಅಕ್ಕ. "ಹೊಟ್ಟಿ ಬ್ಯಾನಿ," ಎಂದುಬಿಟ್ಟೆ. "ಲಗೂನ ಮನಿಗೆ ಹೋಗೋಣ."

ಇದರಿಂದ ಬೇಗ ಹೊರಡಬಹುದೆಂದು ನನ್ನ ಲೆಕ್ಕ. ಆದರೆ ಹೆಂಡತಿಯ ತವರಿನಲ್ಲಿ ಹೊಟ್ಟೆನೋವೆಂದವನನ್ನು ಯಾರೂ ಹಾಗೆ ಬಿಡುವುದಿಲ್ಲ. ನಾಗಪ್ಪ, "ಏಮೈಂದಿ ಬಾವಾ?" ಎಂದು ಓಡಿಬಂದ. ಮಾಧವರಂನವರಿಗೆ ಮುಂಜಾನೆ ಕನ್ನಡ, ಗಾಬರಿಯಾದರೆ ತೆಲುಗು. ಒಬ್ಬರು ಓಮಿನಕಾಳು ಅಗಿಸಿದರು, ಇನ್ನೊಬ್ಬರು ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿದರು. ಸುಶೀಲಾ ದೊಡ್ಡ ತಂಬಿಗೆಯಲ್ಲಿ ಇಂಗು ಹಾಕಿದ ಮಜ್ಜಿಗೆ ತಂದು, ಕೊನೆಯ ಗುಟುಕಿನವರೆಗೂ ಎದುರಿಗೇ ನಿಂತು ಕುಡಿಸಿದಳು. ಈ ಉಪಚಾರದಿಂದ ನಿಜವಾಗಿಯೂ ಹೊಟ್ಟೆ ನೋಯತೊಡಗಿತು. ಮಂಚದ ಮೇಲೆ ಮಲಗಿಸಿ ಗೋಡೆಯ ಕಡೆ ಮುಖ ಮಾಡಿಸಿದರು. ನಾನು ಹೊದಿಕೆಯೊಳಗಿಂದ ಮತ್ತೆ ಖಾಜಾಭಾಯಿಗೆ ಫೋನು ಮಾಡಿದೆ.

"ಇನ್ನಾ ಮ್ಯಾಲೇ ಅದಾನ ಸಾರ್," ಎಂದ ಅವನು. "ನೀವು ಹೇಳಿದ್ದು ನಾನು ಎಲ್ಲಾರ್ಗೂ ಹೇಳೀನಿ. ಈಗ ಯಾರೂ ಒದರವಲ್ರು."

ಅಂತೂ ಬಿಸಿಲು ಇಳಿಯುವ ಹೊತ್ತಿಗೆ ಹೊರಡಲು ಅಪ್ಪಣೆಯಾಯಿತು. ಹೊಸ್ತಿಲಲ್ಲಿ ನಾಗಪ್ಪನ ಹೆಂಡತಿ ತನ್ನ ನಾದಿನಿ ಸುಶೀಲಾಳಿಗೆ ಅಡ್ಡ ನಿಂತಳು. "ವದಿನಾ, ತವರಿಂದ ಉಡಿ ತುಂಬಿಸಿಕೊಳ್ಳದಂಗ ಹೆಂಗ ಹೊಕ್ಕೀರಿ?" ಎಂದಳು. ಅಕ್ಕಿ ಬಂತು, ಕೊಬ್ಬರಿ ಬಟ್ಟಲು ಬಂತು, ಅರಿಸಿನ ಕೊಂಬು ಸಿಗಲಿಲ್ಲ. ಅದನ್ನು ಹುಡುಕಲು ಮನೆಯ ಹೆಂಗಸರೆಲ್ಲ ನಾಲ್ಕು ದಿಕ್ಕಿಗೆ ಹೋದರು. ನಾನು ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟುಕೊಂಡು ನಿಂತಿದ್ದೆ. ಜೀವಮಾನದಲ್ಲಿ ಒಂದು ಅರಿಸಿನ ಕೊಂಬಿನ ಮೇಲೆ ಅಷ್ಟು ಸಿಟ್ಟು ಮಾಡಿಕೊಂಡಿರಲಿಲ್ಲ. ಕೊನೆಗೆ ಸುಶೀಲಾ ಸೆರಗೊಡ್ಡಿ, ಎಲ್ಲವನ್ನೂ ಅದರಲ್ಲಿ ಹಾಕಿಸಿಕೊಂಡು, ಗಂಟು ಕಟ್ಟದೆ ಹಾಗೇ ಸೊಂಟಕ್ಕೆ ಸಿಕ್ಕಿಸಿ ಮಡಿಲಲ್ಲಿ ಹಿಡಿದುಕೊಂಡು ಬಸ್ಸು ಹತ್ತಿದಳು. ಅದನ್ನು ಮನೆಗೆ ಹೋಗಿ ದೇವರ ಮುಂದೆಯೇ ಇಳಿಸಬೇಕು, ಮಧ್ಯದಲ್ಲೆಲ್ಲೂ ಕೆಳಗಿಡುವಂತಿಲ್ಲ.

ಬಸ್ಸಿನಲ್ಲಿ ನಾನು ಕಿಟಕಿಗೆ ಮುಖ ಹಚ್ಚಿ ಕೂತೆ. ಪ್ರತಿಯೊಂದು ಊರು ಬಂದಾಗಲೂ ಅಂಗಡಿಗಳ ದೀಪ ನೋಡುವೆ. ಉರಿಯುತ್ತಿದ್ದರೆ ಕಣ್ಣು ಮುಚ್ಚಿಕೊಳ್ಳುವೆ. ಆ ಊರಿನ ಕರೆಂಟಿಗೂ ನಮ್ಮ ಬೀದಿಯ ಕರೆಂಟಿಗೂ ಸಂಬಂಧವಿಲ್ಲ ಎಂದು ತಲೆಗೆ ಗೊತ್ತಿತ್ತು, ಹೊಟ್ಟೆಗೆ ಗೊತ್ತಿರಲಿಲ್ಲ. ಆದವಾನಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಆಟೋ ಹತ್ತಿದಾಗ ಖಾಜಾಭಾಯಿಯ ಫೋನು ಬಂತು.

"ಸಾರ್, ಖುಷಿ ಸಮಾಚಾರ! ಲೈನ್‌ಮನ್ ಕೆಳಗ ಇಳದಾನ. ಇನ್ನೇನು ಕೊಡ್ತಾರ!"

ನಮ್ಮ ಬೀದಿಗೆ ಆಟೋ ನುಗ್ಗಿತು. ಅಂಗಡಿಗಳು ಕತ್ತಲಾಗಿಯೇ ಇದ್ದವು. ದೇವರೇ, ಇನ್ನೂ ಬಂದಿಲ್ಲ! ಸುಶೀಲಾ ಸೊಂಟದಿಂದ ಕೀಲಿ ತೆಗೆಯುವಷ್ಟರಲ್ಲಿ ನಾನು ಅದನ್ನು ಕಿತ್ತುಕೊಂಡು ಬಾಗಿಲು ತೆರೆದು ಮುಂದಿನ ಕೋಣೆಗೆ ನುಗ್ಗಿದೆ. ಮುಚ್ಚಿದ ಕಿಟಕಿಯ ಸಂದಿಯಿಂದ ಬರುವ ಮಂದ ಬೆಳಕು. ವ್ಯಾಗನ್ನುಗಳು ಅಂಚಿನ ಹತ್ತಿರ ಬೆಳಿಗ್ಗೆ ನಿಂತಲ್ಲೇ ನಿಂತಿದ್ದವು, ಹಿಂದೆ ನನ್ನ ಪುಟ್ಟ ಇಂಜಿನ್ನು. ಎಷ್ಟು ಪ್ರೀತಿ ಉಕ್ಕಿತೆಂದರೆ ಕಣ್ಣಲ್ಲಿ ನೀರು ಬಂತು. ರೆಗ್ಯುಲೇಟರಿಗೆ ಕೈ ಹಾಕಿದೆ. ಅದು ಹಳೆಯ ಡಬ್ಬಿ, ಗುಂಡಿಯ ಸುತ್ತಲಿನ ಗುರುತೆಲ್ಲ ಸವೆದುಹೋಗಿದೆ, ಯಾವ ಕಡೆ ಆರುವುದೆಂದು ಗಾಬರಿಯಲ್ಲಿ ನನಗೂ ಹೊಳೆಯಲಿಲ್ಲ. ಗುಂಡಿ ಒಂದು ಕೊನೆಗೆ ಪೂರ್ತಿ ತಿರುಗಿಕೊಂಡಿತ್ತು. ಬೆಳಿಗ್ಗೆ ಆರಿಸಲಿಲ್ಲ ಎಂಬುದು ಖಚಿತ, ಅಂದಮೇಲೆ ಏಳುವ ಅವಸರದಲ್ಲಿ ಕೈ ತಾಗಿ ಪೂರ್ತಿ ವೇಗದ ಕೊನೆಗೇ ತಿರುಗಿರಬೇಕು. ಛೇ, ಎಂಥ ಅಪಾಯದಲ್ಲಿ ಬಿಟ್ಟುಹೋಗಿದ್ದೆ! ತಕ್ಷಣ ಅದನ್ನು ಇನ್ನೊಂದು ಕೊನೆಗೆ ಗಟ್ಟಿಯಾಗಿ ತಿರುಗಿಸಿ, ಗೋಡೆಗೆ ಒರಗಿ, ಬೆಳಗಿನಿಂದ ಮೊದಲ ಬಾರಿಗೆ ನೆಮ್ಮದಿಯ ಉಸಿರು ಬಿಟ್ಟೆ.

ಆಗ ಕರೆಂಟು ಬಂತು.

ಬೀದಿಯಲ್ಲೆಲ್ಲ ಹೋ ಎಂದು ಕೂಗು. ತಲೆಯ ಮೇಲೆ ಫ್ಯಾನು ತಿರುಗಿತು. ಇರುವೆಯ ಹಾಗೆ ತೆವಳುತ್ತಿದ್ದ ನನ್ನ ಇಂಜಿನ್ನು ಹುಟ್ಟಿದಂದಿನಿಂದ ಓಡದ ವೇಗದಲ್ಲಿ ಓಡಿತು. ಇಂಥ ಹೊತ್ತಿನಲ್ಲಿ ಗುಂಡಿ ಹಿಂದಕ್ಕೆ ತಿರುಗಿಸಬೇಕು, ಇಲ್ಲವೇ ಕೈ ಅಡ್ಡ ಇಡಬೇಕು. ಎರಡೂ ನನಗೆ ಗೊತ್ತಿತ್ತು. ಆದರೆ ಹೆದರಿದವನ ಕೈ ಅವನ ಮಾತು ಕೇಳುವುದಿಲ್ಲ. ನಾನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡೆ. ಇಂಜಿನ್ನು ಬಂಡೆಗೆ ಬಡಿಯುವ ಸದ್ದಿಗೆ ಕಾದೆ. ಆ ಸದ್ದು ಬರಲಿಲ್ಲ. ಪುಸ್, ಪುಸ್, ಪುಸ್ ಎಂದು ಮೂರು ಬಾರಿ ಕೇಳಿಸಿತು, ಆಮೇಲೆ ಇನ್ನೊಂದು ಪುಸ್.

ಬೆರಳ ಸಂದಿಯಿಂದ ನೋಡಿದೆ. ನನ್ನ ಹಿಂದೆಯೇ ಒಳಗೆ ಬಂದಿದ್ದ ಸುಶೀಲಾ ಮೇಜಿನ ಅಂಚಿಗೆ ಮಡಿಲೊಡ್ಡಿ ನಿಂತಿದ್ದಳು. ಉಡಿಯ ಅಕ್ಕಿಯಲ್ಲಿ, ಕೊಬ್ಬರಿ ಬಟ್ಟಲಿನ ಪಕ್ಕದಲ್ಲಿ, ಮೂರು ವ್ಯಾಗನ್ನುಗಳೂ ಇಂಜಿನ್ನೂ ಮಲಗಿದ್ದವು. ಇಂಜಿನ್ನು ಅಂಗಾತ ಬಿದ್ದಿತ್ತು, ಅದರ ಒಂದು ಕೂದಲೂ ಕೊಂಕಿರಲಿಲ್ಲ.

"ಹೋಗೋ ಮುಂದ ನಾನ ಅದನ್ನ ಪೂರಾ ಆರ್ಸಿದ್ನೆಲ್ರಿ," ಎಂದಳು ಆಕೆ, ಮೆಲ್ಲಗೆ. "ನೀವು ಮಂಚದ ಕೆಳಗ ಚಪ್ಪಲಿ ಹುಡುಕಾಕ ಹತ್ತಿದ್ರಿ. ಈಗ ಯಾಕ ಹಚ್ಚಿದ್ರಿ?"

ನಾನು ಮುಖದಿಂದ ಕೈ ತೆಗೆದೆ. "ಹಂಗಾದ್ರ ನನಗ ಹೇಳಬಾರ್ದಿತ್ತೇನು? ಬೆಳಗ್ಗಿಂದ ಜೀವ ಕೈಯಾಗ ಹಿಡ್ಕೊಂಡೀನಿ!"

"ನೀವು ಕೇಳಿದ್ರೇನು? ನೀವು ಹೊಟ್ಟಿ ಬ್ಯಾನಿ ಅಂದ್ರಿ, ನಾನು ಮಜ್ಜಿಗಿ ಕೊಟ್ಟೆ. ರೈಲು ಅಂದಿದ್ರ ಆರ್ಸೀನಿ ಅಂತ ಹೇಳ್ತಿದ್ದೆ."

ಯಾರಿಗೆ ಹೆದರಿ ದಿನವಿಡೀ ಬಾಯಿ ಕಟ್ಟಿಕೊಂಡಿದ್ದೆನೋ ಆಕೆಯ ಹತ್ತಿರವೇ ನನ್ನ ಹೆದರಿಕೆಯ ಮದ್ದು ಇತ್ತು. ಒಂದು ಮಾತು ಕೇಳಿದ್ದರೆ ಹೋಳಿಗೆಯನ್ನಾದರೂ ರುಚಿಯಾಗಿ ತಿನ್ನುತ್ತಿದ್ದೆ. ನಾನು ತಲೆ ತಗ್ಗಿಸಿ ನಿಂತಿರುವಾಗ ಬಾಗಿಲಲ್ಲಿ ಸದ್ದಾಯಿತು. ಖಾಜಾಭಾಯಿ ಬಂದಿದ್ದ. ಜೊತೆಯಲ್ಲಿ ಒಬ್ಬ ತೆಳ್ಳನೆಯ ಮನುಷ್ಯ, ಅಂಗಿಯೆಲ್ಲ ಎಣ್ಣೆ, ಮುಖವೆಲ್ಲ ಬೆವರು.

"ಸಾರ್, ಇವರ ಲೈನ್‌ಮನ್. ನಿಮ್ಮನ್ನ ನೋಡಬೇಕಂದ್ರು."

ಆತ ಕೈ ಮುಗಿದ. "ಸಾರ್, ಕೆಳಗ ಮಂದಿ ಒದರಾಕ ಹತ್ತಿದ್ರ ನನ್ನ ಕೈ ನಡುಗಾಕ ಹತ್ತಿತ್ರಿ. ಅವಸರದಾಗ ತಪ್ಪು ವಯರಿಗೆ ಕೈ ಹಾಕಾಕ ಹೋಗಿದ್ದೆ. ಅಷ್ಟ್ರಾಗ ಈ ಭಾಯಿ, ಸಾರು ಫೋನ್ ಮಾಡ್ಯಾರ, ನಿಧಾನ ಮಾಡು, ಜೀವ ದೊಡ್ಡದು ಅಂತ ಕೂಗಿ ಹೇಳಿದ್ರು. ಎಲ್ಲಾರೂ ಸುಮ್ನಾದ್ರು, ನನ್ನ ಕೈ ನಡುಗೋದು ನಿಂತಿತ್ರಿ. ಇಷ್ಟು ವರ್ಷದ ನೌಕ್ರ್ಯಾಗ ಯಾವ ಬೀದ್ಯಾಗೂ ನಿಧಾನ ಮಾಡು ಅಂತ ಯಾರೂ ಅಂದಿಲ್ರಿ. ಇವತ್ತು ಮನಿಗೆ ಹೋಗಿ ಮಕ್ಕಳ ಮುಖ ನೋಡ್ತೀನಿ."

ಅಷ್ಟೆತ್ತರದ ಕಂಬದ ಮೇಲೆ ಹೆದರಬೇಕಾದ ಹೆದರಿಕೆಯನ್ನೇ ಹೆದರುತ್ತಿದ್ದವನು ಅವನು. ನಾನು ಅಂಗೈಯಗಲದ ಇಂಜಿನ್ನಿಗಾಗಿ ಆಡಿದ ಮಾತು ಅವನಿಗೆ ಹೋಗಿ ಮುಟ್ಟಿತ್ತು. ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವನ ಮುಖ ನೋಡಿದೆ, ಮುಚ್ಚಿದೆ. ಹಿಂದೆ ಸುಶೀಲಾ ನಿಂತಿದ್ದಾಳೆ, ಆಕೆಗೆ ಎಲ್ಲವೂ ಅರ್ಥವಾಗಿದೆ ಎಂಬುದು ಬೆನ್ನಿಗೇ ತಿಳಿಯುತ್ತಿತ್ತು. ಆಕೆ ಈಗ ಏನು ಹೇಳಿಬಿಡುತ್ತಾಳೋ ಎಂದು ಹೊಸದಾಗಿ ಹೆದರತೊಡಗಿದೆ.

ಲೈನ್‌ಮನ್ನಿನ ಕಣ್ಣು ಆಕೆಯ ಮಡಿಲಿನ ಮೇಲೆ ಬಿತ್ತು. ಅಕ್ಕಿಯಲ್ಲಿ ನಾಲ್ಕು ಚಕ್ರ ಮೇಲೆ ಮಾಡಿ ಮಲಗಿದ್ದ ಇಂಜಿನ್ನನ್ನು ಬಗ್ಗಿ ನೋಡಿ, "ಏನಮ್ಮಾ ಅದು?" ಎಂದು ಕೇಳಿದ.

"ಇದೇನಪಾ," ಎಂದಳು ಸುಶೀಲಾ, "ಸಾರಿಗೆ ಬೆಳಗ್ಗಿಂದ ಹೊಟ್ಟಿ ಬ್ಯಾನಿ ಇತ್ತು. ಈಗ ಹೊರಗ ಬಂದೈತಿ."

ನಾನು ಹೌದೆಂದು ತಲೆಯಾಡಿಸಿದೆ. ಅಲ್ಲವೆನ್ನಲು ಧೈರ್ಯವಾಗಲಿಲ್ಲ.